ಆಸೆಯ ಪಟ್ಟಿಯೋ, ಅಂಜಿಕೆಯ ಪಟ್ಟಿಯೋ

ಕೊಡಗಿನಲ್ಲಿ ಮಳೆ ಹಿಡಿಯುವ ಹೊತ್ತಿಗೇ ಸಿಇಟಿ ಆಪ್ಷನ್ ಎಂಟ್ರಿಯೂ ಬರುತ್ತೆ. ಊರಲ್ಲಿ ಕರೆಂಟಿರಲ್ಲ, ನೆಟ್‌ವರ್ಕ್ ಸಿಗಲ್ಲ. ಮಕ್ಕಳು ಅಪ್ಪನ ಜೊತೆ ಗೋಣಿಕೊಪ್ಪಕ್ಕೋ ಸೋಮವಾರಪೇಟೆಗೋ ಬಂದು ಸೈಬರ್ ಸೆಂಟರಿನಲ್ಲಿ ಕೂರುತ್ತಾರೆ. ಅಲ್ಲಿ ಸಿಗುವ ಸಲಹೆ ಹೆಚ್ಚುಕಮ್ಮಿ ಒಂದೇ: "ನಿಮ್ಮ ರ‍್ಯಾಂಕಿಗೆ ಮೈಸೂರು ಸಿಗಲ್ಲ ಅಣ್ಣ, ಸುಮ್ನೆ ಮೇಲೆ ಹಾಕ್ಬೇಡಿ. ಸಿಗೋದನ್ನೇ ಮೊದಲು ಹಾಕಿ."

ಒಳ್ಳೆ ಮನಸ್ಸಿನಿಂದಲೇ ಬಂದ ಸಲಹೆ, ಆದರೆ ತಪ್ಪು ಸಲಹೆ. ಇದು ಇಷ್ಟು ಗಟ್ಟಿಯಾಗಿ ಬೇರೂರಿರುವುದಕ್ಕೆ ಸೈಬರ್ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಹೆಚ್ಚಿನ ಹೊಣೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಮ್ಮ ಮುಂದಿಡುವ ಮಾಹಿತಿ ಪುಸ್ತಿಕೆಯದು ಅನ್ನುವುದು ನನ್ನ ತಕರಾರು.

ಮೊದಲು ಸೀಟು ಹಂಚುವ ಬಗೆ ನೋಡೋಣ. ಹಿಂದೆ ರ‍್ಯಾಂಕ್ ಬಂದವರು ಬೆಂಗಳೂರಿಗೇ ಹೋಗಿ ಕೌನ್ಸೆಲಿಂಗ್‌ನಲ್ಲಿ ಕೂರಬೇಕಿತ್ತು. ನಿಮ್ಮ ಸರದಿ ಬಂದಾಗ ಉಳಿದಿರುವ ಸೀಟುಗಳಲ್ಲಿ ಬೇಕಾದ್ದನ್ನು ಆರಿಸಿಕೊಳ್ಳುವುದು. ಈಗ ನಿಮ್ಮ ಬದಲು ಕಂಪ್ಯೂಟರ್ ಕೂರುತ್ತದೆ. ಆಪ್ಷನ್ ಪಟ್ಟಿ ಅಂದರೆ ಅದರ ಕೈಗೆ ನೀವು ಕೊಟ್ಟು ಕಳಿಸುವ ಚೀಟಿ, ಅಷ್ಟೆ. ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಅದು ಮೊದಲ ಆಪ್ಷನ್ ನೋಡುತ್ತದೆ. ನಿಮ್ಮ ವರ್ಗಕ್ಕೆ ಅಲ್ಲಿ ಸೀಟು ಉಳಿದಿದ್ದರೆ ಕೊಡುತ್ತದೆ, ಇಲ್ಲವಾದರೆ ಎರಡನೆಯದಕ್ಕೆ ಇಳಿಯುತ್ತದೆ, ಆಮೇಲೆ ಮೂರನೆಯದಕ್ಕೆ.

ಒಬ್ಬ ಹುಡುಗಿಗೆ ಮೈಸೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಆಸೆ ಅಂದುಕೊಳ್ಳಿ. ಅದಾಗದಿದ್ದರೆ ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಅದೂ ಆಗದಿದ್ದರೆ ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. ಇದೇ ಕ್ರಮದಲ್ಲಿ ಬರೆದರೆ ಅವಳು ಕಳೆದುಕೊಳ್ಳುವುದು ಏನೂ ಇಲ್ಲ. ಮೈಸೂರು ಸಿಗದಿದ್ದರೆ ಅದೇ ಕ್ಷಣ ಕುಶಾಲನಗರವನ್ನು ನೋಡುತ್ತಾರೆ. ಅವಳಿಗಿಂತ ಹಿಂದಿನ ರ‍್ಯಾಂಕಿನವನು ಕುಶಾಲನಗರವನ್ನೇ ಒಂದನೇ ಆಪ್ಷನ್ ಮಾಡಿದ್ದರೂ ಅವಳನ್ನು ದಾಟಿ ಮುಂದೆ ಹೋಗಲಾರ. ಆದರೆ 'ಸೇಫ್' ಅಂತ ಅವಳು ಕುಶಾಲನಗರವನ್ನು ಮೇಲೆ ಹಾಕಿದಳೋ, ಅವಳ ಪಾಲಿಗೆ ಮೈಸೂರಿನ ಬಾಗಿಲು ಅಲ್ಲಿಗೆ ಮುಚ್ಚಿತು. ಆ ವರ್ಷ ಮೈಸೂರಿನಲ್ಲಿ ಸೀಟು ಉಳಿದಿದ್ದರೂ ಅವಳಿಗಿಲ್ಲ.

ನಮ್ಮ ಭಯ ಆಧಾರವಿಲ್ಲದ್ದೇನೂ ಅಲ್ಲ, ಆದರೆ ಅದು ಬೇರೊಂದು ಪದ್ಧತಿಗೆ ಸೇರಿದ್ದು. ಅಮೆರಿಕದ ಬಾಸ್ಟನ್ ನಗರದ ಸರ್ಕಾರಿ ಶಾಲೆಗಳಲ್ಲಿ ಒಂದು ಶಾಲೆಯನ್ನು ಮೊದಲ ಆಯ್ಕೆಯಾಗಿ ಬರೆದವರಿಗೇ ಮೊದಲು ಸೀಟು ಕೊಡುತ್ತಿದ್ದರು. ಅಲ್ಲಿ ಆಸೆಪಟ್ಟು ಕಷ್ಟದ ಶಾಲೆ ಬರೆದವರಿಗೆ ಎರಡನೆಯದೂ ತಪ್ಪಿಹೋಗುತ್ತಿತ್ತು. ಹಾಗಾಗಿ ಅಪ್ಪ ಅಮ್ಮಂದಿರು ಲೆಕ್ಕ ಹಾಕಿ ಸುಳ್ಳು ಪಟ್ಟಿ ಬರೆಯಬೇಕಿತ್ತು. ಅರ್ಥಶಾಸ್ತ್ರಜ್ಞರು ಇದನ್ನು ತೋರಿಸಿಕೊಟ್ಟ ಮೇಲೆ 2005ರಲ್ಲಿ ನಗರ ಆ ಪದ್ಧತಿಯನ್ನೇ ಕೈಬಿಟ್ಟಿತು. ಅವರಲ್ಲಿ ಒಬ್ಬರಾದ ಆಲ್ವಿನ್ ರಾತ್ 2012ರಲ್ಲಿ ಲಾಯ್ಡ್ ಶಾಪ್ಲಿ ಜೊತೆ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು. ನಮ್ಮ ಸಿಇಟಿ ಹಂಚಿಕೆಯಲ್ಲಿ ಈ ದೋಷ ಇಲ್ಲ. ಸತ್ಯ ಬರೆದವರಿಗೆ ನಷ್ಟವಾಗದ ಪದ್ಧತಿ ನಮ್ಮ ಹತ್ತಿರವೇ ಇದೆ, ನಾವು ಮಾತ್ರ ಹಳೇ ಬಾಸ್ಟನ್ನಿನವರ ಹಾಗೆ ಹೆದರುತ್ತಿದ್ದೇವೆ.

ಪುಸ್ತಿಕೆಯ ಕೊರತೆ ಇಲ್ಲೇ ಇರುವುದು. ಆದ್ಯತೆಯ ಕ್ರಮದಲ್ಲಿ ನಮೂದಿಸಿ ಅನ್ನುತ್ತದೆ, ಯಾಕೆ ಅನ್ನುವುದು ಓದಿದವರ ಮನಸ್ಸಿಗೆ ನಾಟುವುದಿಲ್ಲ. ಮೀಸಲಾತಿ, ಗ್ರಾಮೀಣ, ಕನ್ನಡ ಮಾಧ್ಯಮ, ದಾಖಲೆ ಪರಿಶೀಲನೆ ಎಲ್ಲದಕ್ಕೂ ನಿಯಮವಿದೆ, ಆದರೆ ಆ ಭಾಷೆ ಕಚೇರಿ ಕಡತದ್ದು. ಹದಿನೆಂಟರ ಮಕ್ಕಳು ಓದಲಿ ಅಂತ ಬರೆದದ್ದಲ್ಲ, ನಾಳೆ ಯಾರಾದರೂ ಪ್ರಶ್ನಿಸಿದರೆ ಇರಲಿ ಅಂತ ಬರೆದದ್ದು.

ಅಣಕು ಹಂಚಿಕೆ ಒಳ್ಳೆಯ ಏರ್ಪಾಡು, ಅದನ್ನು ಒಪ್ಪಲೇಬೇಕು. ಆದರೆ ಅದು ಬಂದ ದಿನವೇ ನಮ್ಮವರು ಸಿಗದಿದ್ದ ಮೇಲಿನ ಆಪ್ಷನ್‌ಗಳನ್ನೆಲ್ಲ ಅಳಿಸಿಬಿಡುತ್ತಾರೆ. ಅಳಿಸಿದ್ದರಿಂದ ಲಾಭವೇನೂ ಇಲ್ಲ. ಉಳಿದವರೂ ಪಟ್ಟಿ ಬದಲಾಯಿಸುವುದರಿಂದ ಅಣಕಿನಲ್ಲಿ ಕಂಡದ್ದೇ ಕೊನೆಯಲ್ಲ. ನೋಡಬೇಕಾದ್ದು ಪಟ್ಟಿಯ ತಳ: ಇಲ್ಲಿ ಸೀಟು ಬಂದರೆ ನಿಜಕ್ಕೂ ಹೋಗ್ತೀನಾ? ಹೋಗಲಾರದ ಕಾಲೇಜನ್ನು ಬರೆಯಲೇಬಾರದು, ಬರೆದದ್ದು ಸಿಕ್ಕೇಬಿಡಬಹುದು.

ಆದ್ಯತೆ ಅಂದರೆ ಹೆಸರುವಾಸಿ ಕಾಲೇಜುಗಳ ಕ್ರಮ ಅಂತಲೂ ಅಲ್ಲ. ಈ ಜಿಲ್ಲೆಗೆ ರೈಲಿಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಸಂಪಾಜೆ ಕಡೆಯ ರಸ್ತೆ ಮುಚ್ಚಿದಾಗ ಮಂಗಳೂರು ಎಷ್ಟು ದೂರವಾಯಿತು ಅನ್ನುವುದು ನಮಗೆಲ್ಲ ನೆನಪಿದೆ. ಹಾಸ್ಟೆಲ್ ಖರ್ಚು ಲೆಕ್ಕ ಹಾಕಿ ಕುಶಾಲನಗರವೇ ಮೇಲಿರಲಿ ಅಂತ ಒಂದು ಮನೆ ತೀರ್ಮಾನಿಸಿದರೆ ಅದೂ ಪ್ರಾಮಾಣಿಕ ಪಟ್ಟಿಯೇ. ಕಾಡು ಇಷ್ಟಪಡುವ ಹುಡುಗನಿಗೆ ಪೊನ್ನಂಪೇಟೆಯ ಅರಣ್ಯ ಕಾಲೇಜು ಯಾವ ಎಂಜಿನಿಯರಿಂಗ್‌ಗಿಂತಲೂ ಮೇಲಿರಬಹುದು. ಶಿರಸಿ ಬಿಟ್ಟರೆ ರಾಜ್ಯದಲ್ಲಿ ಅಂಥ ಕಾಲೇಜು ಇರುವುದು ನಮ್ಮಲ್ಲೇ. ಮನೆಯ ಲೆಕ್ಕದಿಂದ ಮೇಲೆ ಬಂದರೆ ಸರಿ, 'ಸಿಗಲ್ಲ' ಅನ್ನುವ ಹೆದರಿಕೆಯಿಂದ ಮೇಲೆ ಬರಬಾರದು.

ಸೀಟು ಬಂದ ಮೇಲಿನ ನಾಲ್ಕು ಆಯ್ಕೆಗಳೂ ಹೀಗೇ ಗೊಂದಲ. ಒಂದು, ಸೀಟು ಒಪ್ಪಿ ಕಾಲೇಜು ಸೇರುವುದು. ಎರಡು, ಸೀಟು ಇಟ್ಟುಕೊಂಡೇ ಇನ್ನೂ ಮೇಲಿನ ಆಪ್ಷನ್‌ಗೆ ಮುಂದಿನ ಸುತ್ತು ಕಾಯುವುದು. ಮೂರು, ಸೀಟು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು, ಪೂರ್ತಿ ಹೊರಬರುವುದು. ಎರಡಕ್ಕೂ ಮೂರಕ್ಕೂ ನಡುವೆ ಇರುವುದು ಒಂದು ಕ್ಲಿಕ್. ಆದರೆ ಎರಡರಲ್ಲಿ ಕೈಯಲ್ಲಿ ಸೀಟಿರುತ್ತದೆ, ಮೂರರಲ್ಲಿ ಇರುವುದಿಲ್ಲ. ಎರಡನ್ನು ಒತ್ತಿದ ಮೇಲೆ ಮೇಲಿನದು ಸಿಕ್ಕರೆ ಮೊದಲಿನದು ತಾನಾಗಿ ಹೋಗುತ್ತದೆ, ಎರಡೂ ನನ್ನದೇ ಅಂತ ಕೂರುವ ಹಾಗಿಲ್ಲ. ಇದನ್ನು ತೆರೆಯ ಮೇಲೆ ಸರಳ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಹಾಕುವುದಕ್ಕೆ ಏನು ಕಷ್ಟ?

ಪ್ರಾಧಿಕಾರ ಹೊಸ ನಿಯಮ ಏನೂ ಮಾಡಬೇಕಿಲ್ಲ. ಪುಸ್ತಿಕೆಯಲ್ಲಿ ಒಂದು ಪುಟ ಸಾಕು: ಒಬ್ಬ ಹುಡುಗಿ, ಮೂರು ಕಾಲೇಜು, ಎರಡು ಬಗೆಯ ಪಟ್ಟಿ, ಎರಡರ ಫಲಿತಾಂಶ. ಆ ಪುಟವನ್ನು ಪ್ರತಿ ಪಿಯು ಕಾಲೇಜಿನ ನೋಟಿಸ್ ಬೋರ್ಡಿಗೆ ಅಂಟಿಸಲಿ. ಅದು ಬರುವ ತನಕ, ಸೈಬರ್ ಸೆಂಟರಿಗೆ ಹೋಗುವ ಮೊದಲು ಮನೆಯಲ್ಲೇ ಕೂತು ಒಂದು ಹಾಳೆಯಲ್ಲಿ ಪಟ್ಟಿ ಬರೆದುಕೊಳ್ಳಿ. ಕಟ್‌ಆಫ್ ನೋಡುವುದು ಅದಾದ ಮೇಲೆ, ಪಟ್ಟಿಯ ಕೆಳಗೆ ಇನ್ನೂ ಒಂದೆರಡು ಕಾಲೇಜು ಸೇರಿಸಬೇಕಾ ಅಂತ ತಿಳಿಯುವುದಕ್ಕೆ ಮಾತ್ರ.