ಹಾರ್ಡ್‌ವಿಕ್‌ನ ಬೆಸ್: ಉಯಿಲು ಎಂಬ ಪಠ್ಯ

ಉಯಿಲನ್ನು ಆಸ್ತಿ ಹಂಚಿಕೆಯ ದಾಖಲೆಯೆಂದಷ್ಟೇ ಪರಿಗಣಿಸುವುದು ರೂಢಿ. ಆದರೆ ‘ಹಾರ್ಡ್‌ವಿಕ್‌ನ ಬೆಸ್’ ಎಂದು ಪ್ರಸಿದ್ಧಳಾದ ಶ್ರೂಸ್‌ಬರಿಯ ಕೌಂಟೆಸ್ ಎಲಿಜಬೆತ್ 1601ರಲ್ಲಿ ಬರೆಸಿದ ಉಯಿಲು ಬಾಂಧವ್ಯದ ಪಠ್ಯವೂ ಹೌದು. ಅಂದಿನ ಇಂಗ್ಲೆಂಡಿನಲ್ಲಿ ಪತಿಯ ಸಮ್ಮತಿಯಿಲ್ಲದೆ ಉಯಿಲು ಬರೆಯುವ ಅಧಿಕಾರ ವಿವಾಹಿತೆಗಿರಲಿಲ್ಲ. 1590ರಲ್ಲಿ ನಾಲ್ಕನೆಯ ಪತಿ ತೀರಿಕೊಂಡ ಮೇಲೆ ಆಕೆಯ ಇಚ್ಛೆಗೆ ಮತ್ತೆ ಕಾನೂನಿನ ಮಾನ್ಯತೆ ದೊರೆಯಿತು.

ಉಯಿಲಿಗೆ ಲಗತ್ತಿಸಿದ ಪಟ್ಟಿ ಮನೆಯ ಸಾಮಗ್ರಿಗಳನ್ನು ಕೋಣೆವಾರು ನಮೂದಿಸುತ್ತದೆ. ಚಿತ್ರನೇಯ್ಗೆಯ ಗೋಡೆತೆರೆಗಳನ್ನು ತೇವ, ನುಸಿಗಳಿಂದ ಕಾಪಾಡಬೇಕೆಂದು ಉಯಿಲು ವಾರಸುದಾರರಿಗೆ ವಿಧಿಸುತ್ತದೆ. ಇಲ್ಲಿ ಕೊಡುಗೆಯೆಂಬುದು ಪಡೆದವರ ಮೇಲೆ ಹೊರಿಸಿದ ಹೊಣೆಯೂ ಆಗಿದೆ.

ಉಯಿಲಿನ ಭಾಷೆ ವಕೀಲರ ಸಿದ್ಧ ಭಾಷೆ. ಅದರಲ್ಲಿ ಆಕೆಯ ದನಿಯನ್ನು ಹುಡುಕುವುದು ಅತಿವ್ಯಾಖ್ಯಾನವೆಂಬ ಆಕ್ಷೇಪ ಸಾಧ್ಯ. ಇದಕ್ಕೆ ಉತ್ತರ 1603ರ ಮಾರ್ಚ್ ತಿಂಗಳ ಪೂರಕ ಉಯಿಲಿನಲ್ಲಿದೆ. ಮೊಮ್ಮಗಳು ಅರಬೆಲ್ಲಾ ಸ್ಟುವರ್ಟ್ ಅಜ್ಜಿಗೆ ತಿಳಿಯದಂತೆ ವಿವಾಹ ಸಂಧಾನಕ್ಕೆ ತೊಡಗಿದ್ದಳು; ಹಾರ್ಡ್‌ವಿಕ್‌ನಿಂದ ಪಾರಾಗುವ ಆಕೆಯ ಯತ್ನಕ್ಕೆ ಹಿರಿಯ ಮಗ ಹೆನ್ರಿ ನೆರವಾಗಿದ್ದನು. ಇಬ್ಬರಿಗೂ ಕೊಟ್ಟಿದ್ದನ್ನು ಪೂರಕ ಉಯಿಲು ರದ್ದುಪಡಿಸಿತು. ಕೊಡುವ ಸ್ವಾತಂತ್ರ್ಯ ಕಸಿಯುವ ಅಧಿಕಾರವೂ ಆದದ್ದು ಹೀಗೆ.

ಈ ಅಧಿಕಾರಕ್ಕೂ ಮಿತಿಯಿತ್ತು. ಚಾಟ್ಸ್‌ವರ್ತ್ ಮೇಲೆ ಹೆನ್ರಿಗಿದ್ದ ವಂಶಪಾರಂಪರ್ಯ ಹಕ್ಕನ್ನು ಅಳಿಸುವುದು ಆಕೆಗೆ ಸಾಧ್ಯವಿರಲಿಲ್ಲ. 1608ರಲ್ಲಿ ಆಕೆ ತೀರಿಕೊಂಡ ಮೇಲೆ ಅವನು ಅದನ್ನು ತಮ್ಮ ವಿಲಿಯಂಗೆ ಮಾರಿದನು. ಬೆಸ್ ಕಾಪಾಡಬೇಕೆಂದ ನೇಯ್ಗೆಗಳಲ್ಲಿ ಅನೇಕವು ಹಾರ್ಡ್‌ವಿಕ್‌ನಲ್ಲಿ ಇಂದಿಗೂ ಉಳಿದಿವೆ. ವಸ್ತುಗಳ ವಿಷಯದಲ್ಲಿ ನೆರವೇರಿದ ಇಚ್ಛೆ ಬಂಧುಗಳ ವಿಷಯದಲ್ಲಿ ಮುರಿದ ಸಂಬಂಧವನ್ನಷ್ಟೇ ದಾಖಲಿಸಿತು.