‘ದೋ’ ಬಂದ ಮೇಲೆ ‘ಬಟ್’ ಯಾಕೆ ಬಂತು?

2019ರ ಜೂನ್ ತಿಂಗಳು. ಶಾಲೆ ಶುರುವಾಗಿ ಹೆಚ್ಚು ದಿನ ಆಗಿರಲಿಲ್ಲ. ತಂಗಿಯ ಮಗಳು ಇಂಗ್ಲಿಷ್ ನೋಟ್‌ಬುಕ್ ಹಿಡಿದುಕೊಂಡು ಬಂದಳು. ಒಂಬತ್ತನೇ ಕ್ಲಾಸು. ಅವರ ಮನೆ ಮಕ್ಕಂದೂರಿನ ಕಡೆ. ಹಿಂದಿನ ವರ್ಷದ ಆಗಸ್ಟ್‌ನಲ್ಲಿ ಆ ಕಡೆಯ ಗುಡ್ಡಗಳು ಜರಿದದ್ದು ನಿಮಗೆಲ್ಲ ಗೊತ್ತೇ ಇದೆ. ‘ಮರೆಯಲಾಗದ ದಿನ’ ಅಂತ ಪ್ರಬಂಧ ಬರೆಯಲು ಹೇಳಿದ್ದರಂತೆ, ಇವಳು ಅದನ್ನೇ ಬರೆದಿದ್ದಳು. ನಡುವೆ ಒಂದು ವಾಕ್ಯ: ‘ದೋ ದ ರೈನ್ ವಾಸ್ ಹೆವಿ, ಬಟ್ ಮೈ ಫಾದರ್ ವೆಂಟ್ ಟು ಬ್ರಿಂಗ್ ದ ಕೌಸ್.’ ‘ಬಟ್’ ಸುತ್ತ ಕೆಂಪು ಶಾಯಿಯ ಸೊನ್ನೆ, ಪಕ್ಕದಲ್ಲಿ ‘ಗ್ರಾಮರ್’ ಅಂತ ಒಂದೇ ಪದ.

“ಮಾವ, ಇದ್ರಲ್ಲಿ ಏನು ತಪ್ಪು? ಅಡ್ವರ್ಬ್ ಕ್ಲಾಸ್ ಎಂಟೂ ನಂಗೆ ಬಾಯಿಪಾಠ ಬರ್ತದೆ.”

ನಿಜವಾಗಿಯೂ ಬರುತ್ತಿತ್ತು. ಟೈಮ್, ಪ್ಲೇಸ್, ಪರ್ಪಸ್, ಕಾಸ್, ಕಂಡಿಷನ್, ರಿಸಲ್ಟ್, ಕಂಪ್ಯಾರಿಸನ್, ಕನ್ಸೆಷನ್. ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದಳು. ನಾನೂ ಹೀಗೇ ಕಲಿತವನು. ಈ ಎಂಟರ ಪಟ್ಟಿ ನಮ್ಮಲ್ಲಿ ಮನೆಮಾತಾದದ್ದು 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣದಿಂದ. ರೆನ್ ಅಂದರೆ ‘ಬೋ ಜೆಸ್ಟ್’ ಕಾದಂಬರಿ ಬರೆದ ಅದೇ ಪಿ. ಸಿ. ರೆನ್. ಮುಂಬಯಿ ಕಡೆ ಶಿಕ್ಷಣ ಇಲಾಖೆಯಲ್ಲಿದ್ದವರು. ಆ ಪುಸ್ತಕವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಅದರ ಉದಾಹರಣೆಗಳು ಸರಳ, ಅಭ್ಯಾಸಗಳು ಬೇಕಾದಷ್ಟು. ಮನೆಯಲ್ಲಿ ಇಂಗ್ಲಿಷ್ ಕೇಳದ ನನ್ನಂಥವನು ಒಂದು ಅರ್ಜಿ ಬರೆಯುವ ಮಟ್ಟಕ್ಕೆ ಬಂದದ್ದು ಅದರಿಂದಲೇ.

ಆದರೆ ಅದು ಕೇಳುವ ಪ್ರಶ್ನೆ ಏನು? ‘ಉಪವಾಕ್ಯವನ್ನು ಗುರುತಿಸಿ, ಅದರ ಜಾತಿ ಹೇಳಿ.’ ನಮ್ಮ ಗೈಡುಗಳು ಇಷ್ಟನ್ನೇ ಎತ್ತಿಕೊಂಡು ಉಳಿದದ್ದನ್ನು ಬಿಟ್ಟವು. ಹುಡುಗಿ ಜಾತಿ ಸರಿಯಾಗಿ ಹೇಳುತ್ತಾಳೆ, ವಾಕ್ಯ ತಪ್ಪು ಬರೆಯುತ್ತಾಳೆ. ಯಾಕೆ ತಪ್ಪುತ್ತಾಳೆ ಅನ್ನುವುದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ, ಯಾಕಂದರೆ ಅವಳ ತಲೆಯಲ್ಲಿ ಕನ್ನಡ ಇದೆ ಅನ್ನುವುದು ಆ ಪುಸ್ತಕದ ಲೆಕ್ಕದಲ್ಲೇ ಇಲ್ಲ.

ಕನ್ನಡದಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ನೋಡಿ. ಬಂದಾಗ, ಬಂದರೆ, ಬಂದರೂ, ಬಂದದ್ದರಿಂದ, ಬರುವಷ್ಟು, ಬರುವ ಹಾಗೆ. ವೆನ್, ಇಫ್, ದೋ, ಬಿಕಾಸ್ ಎಂಬ ಬಿಡಿ ಪದಗಳು ಮಾಡುವುದನ್ನು ನಮ್ಮಲ್ಲಿ ಕ್ರಿಯಾಪದದ ಬಾಲವೇ ಮಾಡುತ್ತದೆ. ಇಂಗ್ಲಿಷಿನ ಕೊಂಡಿ ಉಪವಾಕ್ಯದ ತಲೆಯಲ್ಲಿರುತ್ತದೆ, ನಮ್ಮದು ಕೊನೆಯಲ್ಲಿ. ‘ಮಳೆ ಜೋರಾಗಿದ್ದರೂ ಅಪ್ಪ ಹೋದರು’ ಅನ್ನುವಾಗ ಆ ‘ಊ’ ಎರಡು ಮಾತುಗಳ ನಡುವಿನ ಸಂದಿನಲ್ಲಿ ಕೂತಿದೆ. ಈ ಹುಡುಗಿ ‘ದೋ’ ಅಂತ ಶುರುಮಾಡಿ ಸಂದಿಗೆ ಬಂದಾಗ ಕೈ ತಡವರಿಸುತ್ತದೆ, ಇಲ್ಲೇನೋ ಬೇಕಲ್ಲ ಅನ್ನಿಸುತ್ತದೆ. ‘ಬಟ್’ ಹಾಕುತ್ತಾಳೆ. ‘ಬಿಕಾಸ್’ ಅಂತ ಶುರುಮಾಡಿ ನಡುವೆ ‘ಸೋ’ ಹಾಕುವುದೂ ಇದೇ ಕಥೆ. ಅದನ್ನು ಅಜ್ಞಾನ ಅನ್ನಬೇಡಿ, ಅವಳ ಸ್ವಂತ ಭಾಷೆಯ ವ್ಯಾಕರಣ ಅಷ್ಟು ಗಟ್ಟಿಯಾಗಿದೆ ಅಂತ ಅರ್ಥ.

ಇನ್ನೊಂದು: ‘ಇಫ್ ಇಟ್ ವಿಲ್ ರೈನ್’. ಇದಕ್ಕೂ ಕೆಂಪು ಸೊನ್ನೆಯೇ. ಆದರೆ ನಾವು ‘ನಾಳೆ ಮಳೆ ಬಂದರೆ’ ಅನ್ನುತ್ತೇವೆ. ನಾಳೆಯ ಮಳೆಗೆ ‘ಬಂದ’ ಎಂಬ ಹಿಂದಿನ ಕಾಲದ ರೂಪ! ಷರತ್ತಿನ ಮಾತಿನಲ್ಲಿ ಭವಿಷ್ಯತ್ಕಾಲ ಬೇಡ ಅನ್ನುವುದು ಎರಡೂ ಭಾಷೆಗಳ ಬುದ್ಧಿ. ಕನ್ನಡವನ್ನು ಎದುರಿಗಿಟ್ಟು ಹೇಳಿದರೆ ಎರಡು ನಿಮಿಷದ ಪಾಠ ಇದು.

ಕೊಡಗಿನ ಒಂದು ಕ್ಲಾಸಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವ ಮಾತಾಡುವ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಇಷ್ಟು ಭಾಷೆಗಳಲ್ಲಿ ಹೇಗೆ ವಿವರಿಸೋದು ಅಂತ ಮೇಷ್ಟ್ರುಗಳು ಕೇಳಬಹುದು. ಇವೆಲ್ಲ ದ್ರಾವಿಡ ಮಾತುಗಳು. ಎಲ್ಲದರಲ್ಲೂ ಕೊಂಡಿ ಇರುವುದು ಬಾಲದಲ್ಲೇ. ಒಂದು ವಿವರಣೆ ಇಡೀ ಕ್ಲಾಸಿಗೆ ಸಾಕು. ಇಲ್ಲಿನ ಮಾತುಗಳಿಗೆ ವ್ಯಾಕರಣ ಬರೆಯುವ ಪ್ರಯತ್ನವೂ ಹೊಸದಲ್ಲ. ಕ್ಯಾಪ್ಟನ್ ಕೋಲ್ 1867ರಲ್ಲೇ ಕೊಡವ ಭಾಷೆಯ ವ್ಯಾಕರಣ ಪ್ರಕಟಿಸಿದ್ದ. ಆ ಹೊರಗಿನವನಿಗೆ ನಮ್ಮ ಮಾತು ಕಲಿಯಲು ವ್ಯಾಕರಣ ಬೇಕಿತ್ತು. ನಮ್ಮ ಮಕ್ಕಳು ಹೊರಗಿನ ಭಾಷೆ ಕಲಿಯುವಾಗ ಮಾತ್ರ ಮನೆಮಾತಿಗೆ ಕ್ಲಾಸಿನಲ್ಲಿ ಜಾಗವಿಲ್ಲ.

ಕನ್ನಡ ಪಾಠವಾದರೂ ನೆರವಿಗೆ ಬರುತ್ತದೆಯೇ? ಕೇಶಿರಾಜನ ‘ಶಬ್ದಮಣಿದರ್ಪಣ’ದ ಅಧ್ಯಾಯಗಳು ಸಂಧಿ, ನಾಮ, ಸಮಾಸ, ತದ್ಧಿತ ಹೀಗೆ ಸಾಗುತ್ತವೆ. ವಾಕ್ಯಕ್ಕೇ ಅಂತ ಒಂದು ಅಧ್ಯಾಯ ಇಲ್ಲ. ಶಾಲೆಯ ವ್ಯಾಕರಣ ಈಗಲೂ ಹೆಚ್ಚಾಗಿ ಅದೇ ದಾರಿಯಲ್ಲಿದೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಅಂತ ಡಿ. ಎನ್. ಶಂಕರ ಭಟ್ಟರು ವಾದಿಸಿದಾಗ ಅದನ್ನು ಸಂಸ್ಕೃತ-ಕನ್ನಡದ ಜಗಳ ಅಂತ ಮಾತ್ರ ನೋಡಿದವರಿದ್ದಾರೆ. ನನಗೆ ಅದು ಇಂಗ್ಲಿಷ್ ಕ್ಲಾಸಿನ ಪ್ರಶ್ನೆಯೂ ಹೌದು ಅನ್ನಿಸುತ್ತದೆ. ‘ಬಂದರೂ’ ಅನ್ನುವುದರೊಳಗೆ ಏನಿದೆ ಅಂತ ಗೊತ್ತಿದ್ದವಳಿಗೆ ‘ದೋ’ ಕಷ್ಟವಾಗುವುದಿಲ್ಲ.

ಇದನ್ನೆಲ್ಲ ಹುಡುಗಿಗೆ ಇಷ್ಟುದ್ದ ಹೇಳಲಿಲ್ಲ. “ನಿನ್ನ ವಾಕ್ಯವನ್ನ ಕನ್ನಡದಲ್ಲಿ ಹೇಳು” ಅಂದೆ. ಹೇಳಿದಳು. “ಇದ್ದರೂ ಅಂದ ಮೇಲೆ ಮತ್ತೆ ಆದರೆ ಅಂತ ಹೇಳ್ತೀಯಾ?” ಸ್ವಲ್ಪ ಯೋಚಿಸಿ “ಇಲ್ಲ” ಅಂದಳು. ತಾನೇ ‘ಬಟ್’ ಹೊಡೆದುಹಾಕಿದಳು.

ಆಮೇಲೆ ನೋಟ್‌ಬುಕ್ ಮುಚ್ಚುತ್ತಾ ಕೇಳಿದಳು: “ಮಾವ, ಅಪ್ಪ ಹಸು ತರಲಿಕ್ಕೆ ಹೋದ್ದು, ನಾವು ಕಾದದ್ದು, ಯಾರೂ ಏನೂ ಬರೀಲಿಲ್ಲ ಅದರ ಬಗ್ಗೆ. ಗ್ರಾಮರ್ ಅಂತ ಮಾತ್ರ ಬರೆದದ್ದು.”

ಇದಕ್ಕೆ ನನ್ನ ಹತ್ತಿರ ವ್ಯಾಕರಣದ ಉತ್ತರ ಇರಲಿಲ್ಲ. “ಹಸು ಸಿಕ್ಕಿದ್ವಾ?” ಅಂತ ಕೇಳಿದೆ. ಎರಡು ಸಿಕ್ಕಿದವು ಅಂದಳು. ಒಂದು ಸಿಗಲಿಲ್ಲವಂತೆ.