ಧರ್ಮಯೋಧನ ಪಾಪದ ಲೆಕ್ಕ: ಪಂಪರಾಮಾಯಣದ ಎದುರಿಗೆ ಒಂದು ಆಟ

ಹನ್ನೆರಡನೆಯ ಶತಮಾನದ ಆರಂಭದ ವೇಳೆಗೆ ಬಾಳಿದ ನಾಗಚಂದ್ರ ಕವಿಯನ್ನು ಕನ್ನಡ ಸಾಹಿತ್ಯಚರಿತ್ರೆ ಅಭಿನವಪಂಪನೆಂದು ಕರೆದು ಗೌರವಿಸಿದೆ. ವಿಜಯಪುರದಲ್ಲಿ ಮಲ್ಲಿಜಿನೇಶ್ವರನಿಗೆ ಬಸದಿಯನ್ನು ಕಟ್ಟಿಸಿ, ಆ ತೀರ್ಥಂಕರನ ಚರಿತೆಯನ್ನೇ ಮಲ್ಲಿನಾಥಪುರಾಣವಾಗಿ ಬರೆದವನೆಂದು ಅವನ ಹೆಸರು ಈ ಊರಿನೊಡನೆ ಸೇರಿಕೊಂಡಿದೆ. ಅವನ ಕೀರ್ತಿಗೆ ಮುಖ್ಯ ಕಾರಣವಾದ ಕೃತಿ ಮಾತ್ರ ಪಂಪರಾಮಾಯಣವೆಂದು ಪ್ರಸಿದ್ಧವಾದ ರಾಮಚಂದ್ರಚರಿತಪುರಾಣ. ಅದೇ ವಿಜಯಪುರದಲ್ಲಿ, ಜೋರಾಪುರ ಪೇಟೆಯಂತಹ ಹಳೆಯ ವಸತಿಗಳ ಮನೆಗಳಲ್ಲಿಯೂ, ಇಂದು ಶಾಲೆಯಿಂದ ಬಂದ ಹುಡುಗರು ಮೊಬೈಲಿನ ತೆರೆಯ ಮೇಲೆ ಕವಚ ತೊಟ್ಟು, ಖಡ್ಗ ಹಿಡಿದು, ದುಷ್ಟರನ್ನು ಸಂಹರಿಸುವ ಪುಣ್ಯವೀರರಾಗಿ ಸಂಜೆ ಕಳೆಯುತ್ತಾರೆ. ಇವೆರಡನ್ನು ಒಟ್ಟಿಗೆ ನೆನೆಯುವುದು ವಿಚಿತ್ರವೆಂದು ತೋರಬಹುದು. ಆದರೆ ಕಾವ್ಯವೂ ಆಟವೂ ಕೈಹಾಕಿರುವ ಪ್ರಶ್ನೆ ಒಂದೇ: ಧರ್ಮದ ಪಕ್ಷದಲ್ಲಿ ನಿಂತು ಆಯುಧವೆತ್ತಿದವನ ಕೊಲೆಯ ಫಲ ಯಾರ ಲೆಕ್ಕಕ್ಕೆ ಸೇರುತ್ತದೆ?

ಇಂತಹ ಆಟಗಳಿಗೆ ಮೂಲವಾದುದು ತೆರೆಯ ಮೇಲಿನ ಆಟವಲ್ಲ, ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯದ ಆಟ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಹೆಸರಿನಲ್ಲಿ ಅದನ್ನು ಪ್ರಕಟಿಸಿದರು. ಒಬ್ಬನು ಕಥೆ ಹೇಳುತ್ತಾನೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿ ಏನು ಮಾಡುವೆವೆಂದು ಹೇಳುತ್ತಾರೆ. ಸೋಲುಗೆಲುವನ್ನು ದಾಳ ತೀರ್ಮಾನಿಸುತ್ತದೆ. ಮರುವರ್ಷ, 1975ರ ಪುರವಣಿಯಲ್ಲಿ, 'ಪಲಾಡಿನ್' ಎಂಬ ಪಾತ್ರ ಬಂದಿತು. ಯೂರೋಪಿನ ಷಾರ್ಲಮೇನ್ ಚಕ್ರವರ್ತಿಯ ಹನ್ನೆರಡು ಮಂದಿ ವೀರರ ಐತಿಹ್ಯದಿಂದ ಪಡೆದ ಹೆಸರು ಅದು. ಈತನು ಧರ್ಮಯೋಧ. ನಿಯಮನಿಷ್ಠನೂ ಸಜ್ಜನನೂ ಆಗಿರುವವರೆಗೆ ಮಾತ್ರ ಅವನಿಗೆ ದಿವ್ಯಶಕ್ತಿ ಉಂಟು.

ಈ ಪಾತ್ರವನ್ನು ಜೈನ ಓದುಗನು ಒಮ್ಮೆಲೇ ತಳ್ಳಿಹಾಕುವಂತಿಲ್ಲ. 1978ರ ನಿಯಮಗ್ರಂಥದ ಪ್ರಕಾರ ಪಲಾಡಿನ್ ಹತ್ತಕ್ಕಿಂತ ಹೆಚ್ಚು ಮಾಂತ್ರಿಕ ವಸ್ತುಗಳನ್ನು ಇಟ್ಟುಕೊಳ್ಳುವಂತಿಲ್ಲ. ಗಳಿಕೆಯ ದಶಾಂಶವನ್ನು ದಾನ ಮಾಡಬೇಕು. ಸರಳ ಜೀವನಕ್ಕೆ ಬೇಕಾದುದನ್ನು ಮೀರಿದ ಸಂಪತ್ತನ್ನು ಬಿಟ್ಟುಕೊಡಬೇಕು. ಪರಿಗ್ರಹಪರಿಮಾಣ ವ್ರತವನ್ನು ಬಲ್ಲ ಶ್ರಾವಕನಿಗೆ ಇದು ತೀರ ಅಪರಿಚಿತವಾದ ಮಾತಲ್ಲ. ನಿಯಮ ತಪ್ಪಿದರೆ ಹಿರಿಯ ಗುರುವಿನ ಮುಂದೆ ದೋಷವನ್ನು ಒಪ್ಪಿಕೊಂಡು ಪ್ರಾಯಶ್ಚಿತ್ತಕ್ಕೆ ಒಳಗಾಗಬೇಕೆಂಬ ವಿಧಿಯೂ ಅಲ್ಲಿದೆ. ಮನರಂಜನೆಗಾಗಿ ರಚಿತವಾದ ಒಂದು ಆಟ, ಬಲವನ್ನು ವ್ರತಕ್ಕೆ ಕಟ್ಟಿಹಾಕಿದೆ ಎಂಬುದು ಮೆಚ್ಚತಕ್ಕ ಸಂಗತಿಯೇ.

ತೊಡಕು ಇರುವುದು ಬೇರೆ ಕಡೆ. ಆ ಗ್ರಂಥದಲ್ಲಿಯೇ ಪಲಾಡಿನನಿಗೆ ಒಂದು ವಿಶೇಷ ಶಕ್ತಿಯನ್ನು ಕೊಡಲಾಗಿದೆ: ಮನಸ್ಸನ್ನು ಏಕಾಗ್ರಗೊಳಿಸಿದರೆ ಅರವತ್ತು ಅಡಿ ದೂರದಲ್ಲಿರುವ ಕೇಡನ್ನು ಅವನು ಗುರುತಿಸಬಲ್ಲನು. ಅಂದರೆ ಕೇಡು ಎಂಬುದು ಬಣ್ಣದಂತೆ, ವಾಸನೆಯಂತೆ, ಎದುರಿನವನ ಮೈಯಲ್ಲಿ ಇರುವ ಒಂದು ಗುಣ. ಆಟದ ಲೋಕದಲ್ಲಿ ಪ್ರತಿ ಜೀವಿಗೂ ಒಂಬತ್ತು ಮನೆಗಳ ಒಂದು ಪಟ್ಟಿಯಲ್ಲಿ ಸ್ಥಾನ ಗೊತ್ತಾಗಿರುತ್ತದೆ. ಕೆಲವು ಕುಲಗಳಂತೂ ಹುಟ್ಟಿನಿಂದಲೇ ಕೇಡಿನ ಮನೆಯಲ್ಲಿವೆ. ಆ ಗುರುತು ಕಂಡ ಮೇಲೆ ಕೊಂದವನಿಗೆ ದೋಷವಿಲ್ಲ. ಅವನ ದಿವ್ಯಶಕ್ತಿ ಕಿಂಚಿತ್ತೂ ಕುಂದುವುದಿಲ್ಲ. ಶತ್ರುಕುಲದ ಹಸುಗೂಸುಗಳು ಸೆರೆಸಿಕ್ಕಾಗ ಧರ್ಮಯೋಧನು ಏನು ಮಾಡಬೇಕೆಂಬ ಪ್ರಶ್ನೆ ಈ ಆಟಗಾರರ ನಡುವೆ ದಶಕಗಳಿಂದ ಜಗಳಕ್ಕೆ ಕಾರಣವಾಗಿದೆ. ಆ ಜಗಳ ಹುಟ್ಟಿದ್ದೇ ಅವರ ಆತ್ಮಸಾಕ್ಷಿಯ ಸೂಚನೆಯೆನ್ನಬೇಕು. ನಿಯಮವು 'ಕೊಲ್ಲಬಹುದು' ಎಂದರೂ ಮನಸ್ಸು ಒಪ್ಪಲಿಲ್ಲ.

ಈಗ ನಾಗಚಂದ್ರನ ಲಂಕೆಗೆ ಬರಬಹುದು. ವಿಮಲಸೂರಿಯ ಪ್ರಾಕೃತ ಪಉಮಚರಿಯದಿಂದ ಇಳಿದುಬಂದ ಜೈನ ರಾಮಕಥೆಯಲ್ಲಿ ರಾಕ್ಷಸರೆಂದರೆ ಕೋರೆಹಲ್ಲಿನ ನರಭಕ್ಷಕರಲ್ಲ. ಅದು ವಿದ್ಯಾಧರರ ಒಂದು ವಂಶದ ಹೆಸರು. ವಾನರರೂ ಹಾಗೆಯೇ, ಕಪಿಯ ಲಾಂಛನವನ್ನು ಹೊತ್ತ ವಿದ್ಯಾಧರರು. ಹುಟ್ಟಿನಿಂದ ದುಷ್ಟವಾದ ಕುಲವೇ ಆ ಲೋಕದಲ್ಲಿ ಇಲ್ಲ. (ಆಟದ ಪ್ರಕಾಶಕರು ತಮ್ಮ ಕಲ್ಪಿತ ಕುಲಗಳನ್ನು ಇನ್ನು ಮುಂದೆ ಹುಟ್ಟುಕೇಡಿಗರೆಂದು ಚಿತ್ರಿಸುವುದಿಲ್ಲವೆಂದು ಸಾರಿದ್ದು 2020ರಲ್ಲಿ. ತಡವಾದರೂ ಸ್ವಾಗತಾರ್ಹ.) ರಾವಣನು ಜಿನಭಕ್ತ. ಒಲ್ಲದ ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂಬ ವ್ರತವನ್ನು ಕೇವಲಿಯ ಸನ್ನಿಧಿಯಲ್ಲಿ ಸ್ವೀಕರಿಸಿದವನು. ಸೀತೆಯನ್ನು ಕದ್ದು ತಂದ ಮೇಲೂ ಅದನ್ನು ಮುರಿಯಲಿಲ್ಲ.

ಕಾವ್ಯದ ಉತ್ತುಂಗ ಭಾಗ ಕೊನೆಯ ಯುದ್ಧಕ್ಕೆ ಮುಂಚಿನದು. ರಾಮನಿಗೆ ಬರಲಿರುವ ಆಪತ್ತಿನ ಮಾತು ಕೇಳಿ ಸೀತೆ ಮೂರ್ಛೆಹೋಗುತ್ತಾಳೆ. ಅದನ್ನು ಕಂಡ ರಾವಣನ ಮನಸ್ಸು ಕರಗುತ್ತದೆ, ಮೋಹ ಬಿಟ್ಟುಹೋಗುತ್ತದೆ, ತನ್ನ ಅಪರಾಧ ತನಗೇ ಹೇಸಿಗೆಯಾಗಿ ಕಾಣುತ್ತದೆ. ಆಗಲೇ ಅವಳನ್ನು ಮರಳಿಸಬಹುದಾಗಿತ್ತು. ಆದರೆ ಈಗ ಒಪ್ಪಿಸಿದರೆ ಲೋಕವು ಅಂಜಿ ಒಪ್ಪಿಸಿದನೆಂದು ಆಡಿಕೊಂಡೀತು. ಆದ್ದರಿಂದ ರಾಮಲಕ್ಷ್ಮಣರನ್ನು ರಣದಲ್ಲಿ ಸೆರೆಹಿಡಿದು, ಬಳಿಕ ಗೌರವದಿಂದ ಸೀತೆಯನ್ನು ಕೊಟ್ಟು ಕಳುಹಿಸುವೆನೆಂದು ಅವನು ನಿಶ್ಚಯಿಸುತ್ತಾನೆ. ಬಿ. ಎಂ. ಶ್ರೀಕಂಠಯ್ಯನವರು ಈ ರಾವಣನಲ್ಲಿ ದುರಂತನಾಯಕನನ್ನು ಕಂಡದ್ದು ಕನ್ನಡ ವಿಮರ್ಶೆಯಲ್ಲಿ ಪ್ರಸಿದ್ಧವಾಗಿದೆ. ಗ್ರೀಕ್ ನಾಟಕದ ಮಾನದಂಡವನ್ನು ಬದಿಗಿರಿಸಿ ಕಷಾಯಗಳ ಭಾಷೆಯಲ್ಲಿ ನೋಡಿದರೂ ಈ ಭಾಗ ಅಷ್ಟೇ ಸ್ಪಷ್ಟವಾಗುತ್ತದೆ. ಕಾಮ ಅಡಗಿದೆ, ಮಾನ ಉಳಿದಿದೆ. ಲಂಕೆಯನ್ನು ಸುಟ್ಟದ್ದು ಆ ಉಳಿದ ಒಂದು ಕಷಾಯ.

ಆ ಘಳಿಗೆಯಲ್ಲಿ ಪಲಾಡಿನನೊಬ್ಬನು ಅರವತ್ತು ಅಡಿ ದೂರದಲ್ಲಿ ನಿಂತು ರಾವಣನನ್ನು ಪರೀಕ್ಷಿಸಿದ್ದರೆ ಅವನಿಗೆ ಏನು ಕಾಣುತ್ತಿತ್ತು? ಪಶ್ಚಾತ್ತಾಪಪಟ್ಟ ಮನಸ್ಸೇ, ಮರುದಿನ ಸಾವಿರಾರು ಸೈನಿಕರನ್ನು ಸಾವಿಗೆ ಒಡ್ಡಲಿರುವ ಅಭಿಮಾನವೇ? ಆಟದ ಒಂಬತ್ತು ಮನೆಗಳಲ್ಲಿ ಈ ರಾವಣನನ್ನು ಕೂರಿಸಲು ಸ್ಥಳವಿಲ್ಲ. ಭಾವವು ಕ್ಷಣಕ್ಷಣಕ್ಕೂ ಬದಲಾಗುವುದೆಂದೂ, ಬಂಧವು ಆ ಭಾವಕ್ಕೆ ಅನುಸಾರಿಯೆಂದೂ ತಿಳಿದ ಕವಿ ಮಾತ್ರ ಇಂತಹ ಪಾತ್ರವನ್ನು ಬರೆಯಬಲ್ಲನು.

ಇನ್ನು ಧರ್ಮಯೋಧನ ವಿಷಯ. ಜೈನ ಪುರಾಣವು ಆ ಸ್ಥಾನವನ್ನು ಇಬ್ಬರಿಗೆ ಹಂಚಿದೆ. ತ್ರಿಷಷ್ಟಿಶಲಾಕಾಪುರುಷರಲ್ಲಿ ಒಂಬತ್ತು ಮಂದಿ ಬಲದೇವರು, ಒಂಬತ್ತು ಮಂದಿ ವಾಸುದೇವರು, ಅವರಿಗೆ ಎದುರಾದ ಒಂಬತ್ತು ಮಂದಿ ಪ್ರತಿವಾಸುದೇವರು. ಈ ಕಥೆಯಲ್ಲಿ ರಾಮನು ಬಲದೇವ, ಲಕ್ಷ್ಮಣನು ವಾಸುದೇವ, ರಾವಣನು ಪ್ರತಿವಾಸುದೇವ. ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ರಾವಣನು ಎಸೆದ ಚಕ್ರರತ್ನವೇ ಲಕ್ಷ್ಮಣನಿಗೆ ಪ್ರದಕ್ಷಿಣೆ ಬಂದು ಅವನ ಕೈಸೇರುತ್ತದೆ. ಅದರಿಂದಲೇ ಅವನು ರಾವಣನನ್ನು ಮುಗಿಸುತ್ತಾನೆ. ನ್ಯಾಯದ ಪಕ್ಷ ಗೆದ್ದಿತು, ಅಪಹೃತಳಾದ ಸಾಧ್ವಿ ಬಿಡುಗಡೆಯಾದಳು. ಆಟವಾದರೆ ಇಲ್ಲಿಗೆ ಮುಗಿಯುತ್ತದೆ, ಗೆದ್ದವನ ಬಲ ಒಂದು ಮೆಟ್ಟಿಲು ಏರುತ್ತದೆ. ಪುರಾಣವಾದರೋ ಲಕ್ಷ್ಮಣನನ್ನು ನರಕಕ್ಕೆ ಕಳುಹಿಸುತ್ತದೆ. ಒಂಬತ್ತು ಮಂದಿ ವಾಸುದೇವರಲ್ಲಿ ಒಬ್ಬನಿಗೂ ಇದರಿಂದ ವಿನಾಯಿತಿಯಿಲ್ಲ.

ಇದಕ್ಕೆ ಆಚಾರ್ಯರು ಕೊಡುವ ಕಾರಣವನ್ನು ಸರಿಯಾಗಿ ಗ್ರಹಿಸಬೇಕು. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವ ಕ್ರಮವುಂಟು. ಕೊಲ್ಲಬೇಕೆಂದೇ ಕೊಲ್ಲುವ ಮೊದಲನೆಯದನ್ನು ಶ್ರಾವಕನು ಪೂರ್ಣವಾಗಿ ಬಿಡಬೇಕು. ಮೇಲೆ ಬಿದ್ದವನನ್ನು ಎದುರಿಸುವಾಗ ಒದಗುವ ನಾಲ್ಕನೆಯದು ಅವನಿಗೆ ಅನಿವಾರ್ಯ. ಈ ವಿಂಗಡಣೆಯನ್ನು ಉಪನ್ಯಾಸಗಳಲ್ಲಿ 'ಧರ್ಮಯುದ್ಧಕ್ಕೆ ಪಾಪವಿಲ್ಲ' ಎಂಬಂತೆ ಹೇಳಿಬಿಡುವುದುಂಟು. ಅನಿವಾರ್ಯವೆಂದರೆ ನಿರ್ದೋಷವೆಂದಲ್ಲ. ಸಾಲ ತೆಗೆಯುವುದು ಅನಿವಾರ್ಯವಾಯಿತೆಂದು ಅಂಗಡಿಯ ಖಾತೆಯಲ್ಲಿ ಸಾಲ ಬರೆಯದೆ ಬಿಡುವರೇ? ಲಕ್ಷ್ಮಣನು ಪೂರ್ವಜನ್ಮದ ನಿದಾನದ ಬಲದಿಂದ ವಾಸುದೇವನಾದವನು, ಗೆದ್ದ ರಾಜ್ಯವನ್ನು ಭೋಗಿಸಿದವನು, ದೀಕ್ಷೆಯಿಲ್ಲದೆಯೇ ಸತ್ತವನು. ಹೀಗಾಗಿ ಅವನ ಖಾತೆ ತೀರಲಿಲ್ಲ.

ಇಲ್ಲಿ ಕಾವ್ಯಪರಂಪರೆಯ ಮೇಲೆ ಒಂದು ಆಕ್ಷೇಪವನ್ನು ಎತ್ತದೆ ಮುಂದುವರಿಯುವುದು ಪ್ರಾಮಾಣಿಕವಾಗದು. ಕೃತ, ಕಾರಿತ, ಅನುಮೋದನೆ ಎಂಬ ಮೂರೂ ಬಂಧಕ್ಕೆ ಕಾರಣವೆಂಬುದು ಜೈನ ಪಾಠಶಾಲೆಯ ಮಗುವೂ ಬಲ್ಲ ಪಾಠ. ಯುದ್ಧ ನಡೆದದ್ದು ರಾಮನ ಪತ್ನಿಗಾಗಿ, ರಾಮನ ನಾಯಕತ್ವದಲ್ಲಿ. ಹಾಗಿರುವಾಗ ಚಕ್ರವನ್ನೆಸೆದ ತಮ್ಮನಿಗೆ ನರಕ, ಎಸೆಯಿಸಿದ ಅಣ್ಣನಿಗೆ ಮೋಕ್ಷ ಎಂಬ ಹಂಚಿಕೆ ನ್ಯಾಯವೇ? ನಾಯಕನನ್ನು ಶುಚಿಯಾಗಿರಿಸಲು ಪುರಾಣಕಾರರು ರಕ್ತವನ್ನೆಲ್ಲ ತಮ್ಮನ ಕೈಗೆ ಬಳಿದರೆಂದು ಯಾರಾದರೂ ಹೇಳಿದರೆ ಆ ಮಾತಿನಲ್ಲಿ ಹುರುಳಿದೆ. ಶಲಾಕಾಪುರುಷರ ಚೌಕಟ್ಟು ಮೊದಲೇ ಗೊತ್ತಾಗಿರುವುದರಿಂದ ರಾಮನ ಮನಸ್ಸಿನಲ್ಲಿ ಈ ಪ್ರಶ್ನೆ ಏಳಲು ಕಥೆ ಅವಕಾಶ ಕೊಡುವುದೇ ಇಲ್ಲ. ಅಷ್ಟರ ಮಟ್ಟಿಗೆ ಅದೂ ಒಂದು ಪಟ್ಟಿಯೇ, ಆಟದ ಪಟ್ಟಿಯಂತೆ. ಆದರೆ ರಾಮನ ಮೋಕ್ಷ ಗೆಲುವಿನ ಬಹುಮಾನವಾಗಿ ಬಂದುದಲ್ಲ ಎಂಬುದನ್ನೂ ಹೇಳಬೇಕು. ಸತ್ತ ತಮ್ಮನ ಶವವನ್ನು ಆರು ತಿಂಗಳು ಹೆಗಲ ಮೇಲೆ ಹೊತ್ತು, ಅವನು ಸತ್ತಿದ್ದಾನೆಂದು ಒಪ್ಪದೆ ಅಲೆದು, ಆ ಮೋಹ ಹರಿದ ಮೇಲೆ ದೀಕ್ಷೆ ವಹಿಸಿ ತಪಸ್ಸಿನಿಂದ ಅದನ್ನು ಪಡೆದನು.

ಜೈನ ಪರಂಪರೆ ಎಲ್ಲ ಕಡೆಯೂ ಇಷ್ಟು ಎಚ್ಚರದಿಂದಿತ್ತೆಂದು ಬೀಗಲು ಕಾರಣವಿಲ್ಲ. 978ರಲ್ಲಿ ಚಾವುಂಡರಾಯಪುರಾಣವನ್ನು ರಚಿಸಿದ ಗಂಗರ ದಂಡನಾಯಕನಿಗೆ ಸತ್ಯಯುಧಿಷ್ಠಿರನೆಂಬ ಬಿರುದೂ ಇತ್ತು, ಸಮರಪರಶುರಾಮನೆಂಬ ಬಿರುದೂ ಇತ್ತು. ಕುಲವನ್ನೇ ಕತ್ತರಿಸಿದ ಕೊಡಲಿಯ ಹೆಸರು ಸತ್ಯವಂತನ ಹೆಸರಿನ ಪಕ್ಕದಲ್ಲಿ ಯಾವ ಸಂಕೋಚವೂ ಇಲ್ಲದೆ ಕುಳಿತಿದೆ. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಗಂಗ ಮಾರಸಿಂಹನ ದಂಡಯಾತ್ರೆಗಳನ್ನೂ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಅವನು ಕೈಗೊಂಡ ಸಲ್ಲೇಖನವನ್ನೂ ಒಂದೇ ಉಸಿರಿನಲ್ಲಿ ಹೊಗಳುತ್ತದೆ. ಪ್ರಶಸ್ತಿಯ ಭಾಷೆ ಎಲ್ಲ ಕಾಲದಲ್ಲಿಯೂ ಆಟದ ಭಾಷೆಗೆ ಹತ್ತಿರ. ಆದರೂ ಅದೇ ಚಾವುಂಡರಾಯನು ಬೆಟ್ಟದ ಮೇಲೆ ನಿಲ್ಲಿಸಿದ 58 ಅಡಿಯ ಮೂರ್ತಿ ಗೆದ್ದ ರಾಜ್ಯವನ್ನು ಬಿಟ್ಟು ನಡೆದ ಬಾಹುಬಲಿಯದು. ಆ ಮೂರ್ತಿಯ ಕೈಯಲ್ಲಿ ಆಯುಧವಿಲ್ಲ.

'ಎಷ್ಟಾದರೂ ಅದು ಆಟ, ಅಲ್ಲಿ ಯಾವ ಜೀವವೂ ಸಾಯುವುದಿಲ್ಲವಲ್ಲ' ಎಂಬ ಮಾತಿಗೆ ಜನ್ನನ ಯಶೋಧರಚರಿತೆಯ ಹಿಟ್ಟಿನ ಕೋಳಿಯನ್ನು ಉತ್ತರವಾಗಿ ಮುಂದಿಡುವ ಹಿರಿಯರಿದ್ದಾರೆ. 1209ರ ಆ ಕಾವ್ಯದಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ತಾಯಿಮಗ ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ ಹುಟ್ಟಿ ನರಳಿದರು. ಆದರೆ ಈ ಹೋಲಿಕೆಯನ್ನು ಹುಡುಗರ ಮೇಲೆ ಹಾಗೆಯೇ ಹೇರುವುದು ಸರಿಯಲ್ಲ. ಯಶೋಧರನು ಆಟವಾಡಲಿಲ್ಲ. ಕೊಲೆಯಿಂದ ಬರುವ ಫಲ ಬೇಕೆಂದು, ದೇವತೆ ಅದನ್ನು ನಿಜವಾದ ಬಲಿಯೆಂದೇ ಸ್ವೀಕರಿಸಲೆಂದು ಸಂಕಲ್ಪಿಸಿ ಕತ್ತಿ ಬೀಸಿದನು. ಚದುರಂಗದಲ್ಲಿ ಆನೆಯನ್ನು ಹೊಡೆದವನಿಗೆ ಆನೆಯ ಮೇಲೆ ಹಗೆಯಿರುವುದಿಲ್ಲ.

ಪಾತ್ರಾಭಿನಯದ ಆಟಕ್ಕೆ ಹೆಚ್ಚು ಸಮೀಪವಾದ ಪ್ರಸಂಗ ಪಂಪರಾಮಾಯಣದ ಕಥೆಯಲ್ಲಿಯೇ ಇದೆ. ವನದಲ್ಲಿ ಲಕ್ಷ್ಮಣನಿಗೆ ಸೂರ್ಯಹಾಸವೆಂಬ ದಿವ್ಯಖಡ್ಗ ದೊರೆಯುತ್ತದೆ. ಅದರ ಹರಿತವನ್ನು ನೋಡುವ ಕುತೂಹಲದಿಂದ ಎದುರಿಗಿದ್ದ ಬಿದಿರುಮೆಳೆಯ ಮೇಲೆ ಬೀಸುತ್ತಾನೆ. ಮೆಳೆಯ ಒಳಗೆ, ಅದೇ ಖಡ್ಗವನ್ನು ಪಡೆಯಲು ದೀರ್ಘಕಾಲದಿಂದ ತಪಸ್ಸಿನಲ್ಲಿ ಕುಳಿತಿದ್ದ ಶಂಬೂಕನ ತಲೆ ಉರುಳುತ್ತದೆ. ಮಗನನ್ನು ನೋಡಲು ಬಂದ ತಾಯಿ ಚಂದ್ರನಖಿ ಕಂಡದ್ದು ಅವನ ಶವವನ್ನು. ಖರನೊಡನೆ ಕಾಳಗ, ಸೀತಾಪಹರಣ, ಲಂಕೆಯ ಯುದ್ಧ ಎಲ್ಲವೂ ಅಲ್ಲಿಂದ ಮೊದಲಾಗುತ್ತವೆ. ಧರ್ಮಪಕ್ಷದ ವೀರನ ಈ ಕೊಲೆ ಕೋಪದಿಂದಲ್ಲ, ನ್ಯಾಯಕ್ಕಾಗಿಯೂ ಅಲ್ಲ. ಒಳ್ಳೆಯ ಆಯುಧ ಕೈಗೆ ಬಂದ ಉತ್ಸಾಹದಲ್ಲಿ, ಒಳಗೆ ಯಾರಿರಬಹುದೆಂದು ನೋಡದ ಪ್ರಮಾದದಲ್ಲಿ. ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣದಲ್ಲಿ ಪ್ರಮಾದವನ್ನು ಮೊದಲಿಗೆ ಇರಿಸಿರುವುದಕ್ಕೆ ಇದಕ್ಕಿಂತ ತಕ್ಕ ಉದಾಹರಣೆ ಸಿಗಲಾರದು. ಪಲಾಡಿನನಿಗೂ ಆಟದಲ್ಲಿ ಒಂದು ಪವಿತ್ರ ಖಡ್ಗ ಮೀಸಲಾಗಿದೆ. ಆ ಖಡ್ಗದ ನಿಯಮಗಳಲ್ಲಿ ಅದರಿಂದ ಯಾರಿಗೆ ಎಷ್ಟು ಪೆಟ್ಟು ಬೀಳುತ್ತದೆಂಬ ಲೆಕ್ಕವಿದೆ, ಬಿದಿರುಮೆಳೆಯೊಳಗಿನವನ ಲೆಕ್ಕವಿಲ್ಲ. ಹುಡುಗರ ಆಟದ ವಿಷಯದಲ್ಲಿ ಹಿರಿಯರು ಚಿಂತಿಸಬೇಕಾದುದಿದ್ದರೆ ಅದು ತೆರೆಯ ಮೇಲಿನ ರಕ್ತಕ್ಕಿಂತ ಹೆಚ್ಚಾಗಿ ಈ ಅಭ್ಯಾಸದ ವಿಷಯ: ಎದುರಿನವನ ಕೇಡು ಕಣ್ಣಿಗೆ ಕಂಡೇ ಕಾಣುತ್ತದೆ, ಒಳಗೆ ಇಣುಕಿ ನೋಡುವ ಅಗತ್ಯವಿಲ್ಲ ಎಂಬ ಅಭ್ಯಾಸ.

ಆಟದ 2000ದ ಆವೃತ್ತಿಯಲ್ಲಿ ವ್ರತಭ್ರಷ್ಟನಾದ ಪಲಾಡಿನನು ಪುರೋಹಿತನ ಪ್ರಾಯಶ್ಚಿತ್ತ ಮಂತ್ರದಿಂದ ಕಳೆದುಕೊಂಡ ಶಕ್ತಿಯನ್ನು ಮರಳಿ ಪಡೆಯಬಹುದು. 2014ರ ಆವೃತ್ತಿಯಲ್ಲಿ ಅವನು ಸಜ್ಜನನಾಗಿಯೇ ಇರಬೇಕೆಂಬ ಕಟ್ಟಳೆಯೂ ಇಲ್ಲ, ತಾನು ಆರಿಸಿಕೊಂಡ ಪ್ರತಿಜ್ಞೆಗೆ ನಡೆದುಕೊಂಡರೆ ಸಾಕು. ಜೈನ ರಾಮಕಥೆ ಲಕ್ಷ್ಮಣನಿಗೆ ಇಂತಹ ಸುಲಭದ ದಾರಿಯನ್ನು ಕೊಡಲಿಲ್ಲ. ಹಾಗೆಂದು ಅವನನ್ನು ನರಕದಲ್ಲಿ ಮರೆತೂ ಬಿಡಲಿಲ್ಲ. ಏಳನೆಯ ಶತಮಾನದ ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ, ಸ್ವರ್ಗದಲ್ಲಿ ದೇವನಾಗಿ ಹುಟ್ಟಿದ ಸೀತೆಯ ಜೀವ ಅವನನ್ನು ಹುಡುಕಿಕೊಂಡು ನರಕಕ್ಕೆ ಇಳಿಯುತ್ತದೆ. ಅಲ್ಲಿ ಕೊಂದ ಲಕ್ಷ್ಮಣನೂ ಸತ್ತ ರಾವಣನೂ ಒಂದೇ ಕಡೆ ಇದ್ದಾರೆ. ತನ್ನನ್ನು ಬಿಡಿಸಿದವನನ್ನೂ ಕದ್ದವನನ್ನೂ ಅವಳು ಬೇರೆ ಮಾಡುವುದಿಲ್ಲ. ಇಬ್ಬರನ್ನೂ ಮೇಲೆತ್ತಲು ನೋಡುತ್ತಾಳೆ. ಅವರ ದೇಹಗಳು ಕೈಯಲ್ಲಿ ನಿಲ್ಲದೆ ಕರಗಿ ಜಾರಿಹೋಗುತ್ತವೆ. ಕೊನೆಗೆ ಅಲ್ಲಿಯೇ ಕುಳಿತು ಇಬ್ಬರಿಗೂ ಸಮ್ಯಕ್ತ್ವವನ್ನು ಬೋಧಿಸಿ ಹಿಂದಿರುಗುತ್ತಾಳೆ.